ಕೆಂಪು ದೀಪದ ಲೆಕ್ಕ

ವಿದ್ಯುತ್ ಮೀಟರಿನಲ್ಲೊಂದು ಪುಟ್ಟ ಕೆಂಪು ದೀಪ ಮಿಟುಕುತ್ತಿರುತ್ತದೆ. ರೀಡಿಂಗಿನವರು ಬರುವ ದಿನ ಬಿಟ್ಟರೆ ಅದರ ಮುಖ ನೋಡುವವರು ಹಲ್ಲಿಗಳು ಮಾತ್ರ. ಅನೇಕ ಮೀಟರುಗಳಲ್ಲಿ ಈ ದೀಪ 3200 ಸಲ ಮಿಟುಕಿದರೆ ಒಂದು ಯೂನಿಟ್. ಸೆಕೆಂಡಿಗೊಮ್ಮೆ ಮಿಟುಕುತ್ತಿದೆಯೋ, ಮನೆ ಹೆಚ್ಚುಕಡಿಮೆ ಒಂದು ಕಿಲೋವಾಟ್ ಎಳೆಯುತ್ತಿದೆ. ಒಳಗೆ ಯಾರೋ ಅಂಗಿಗೆ ಇಸ್ತ್ರಿ ಹಾಕುತ್ತಿರಬೇಕು.

ಮಜಾ ಇರುವುದು ರಾತ್ರಿ. ಫ್ಯಾನು ನಿಂತು, ಫ್ರಿಜ್ಜೂ ಗೊಣಗಾಟ ನಿಲ್ಲಿಸಿದ ಮೇಲೂ ಅದು 20 ಸೆಕೆಂಡಿಗೊಮ್ಮೆ ಮಿಟುಕಿದರೆ, ಸುಮಾರು 56 ವಾಟ್ ಯಾರಿಗೂ ಬೇಡದೆ ಹೋಗುತ್ತಿದೆ ಎಂದಾಯಿತು. ಹಗಲಿರುಳೂ ಹೀಗೇ ಸೋರಿದರೆ ತಿಂಗಳಿಗೆ 40 ಯೂನಿಟ್! ಧಾರಾವಾಹಿಯ ಅತ್ತೆ ಸೊಸೆ ಇಬ್ಬರೂ ಮಲಗಿದರೂ ಸೆಟ್‌ಟಾಪ್ ಬಾಕ್ಸು ಮಾತ್ರ ಜಾಗರಣೆ.

2023ರಲ್ಲಿ ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದಾಗ ನಾಡಿಗೆ ನಾಡೇ ಲೆಕ್ಕಕ್ಕೆ ಕೂತಿತ್ತು. ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಶೇಕಡ 10, ಒಟ್ಟು 200 ಯೂನಿಟ್ಟಿನೊಳಗೆ. ದೀಪ ಆರಿಸಿ ಆರಿಸಿ ಉಳಿಸಿದವರಿಗೆ ಚಿಕ್ಕ ಸರಾಸರಿ, ಧಾರಾಳಿಗಳಿಗೆ ದೊಡ್ಡದು. ಅಂಕಿಅಂಶಕ್ಕೆ ದಾಕ್ಷಿಣ್ಯವಿಲ್ಲ ನೋಡಿ.

ದೊಡ್ಡ ಕಟ್ಟಡಗಳನ್ನು ಪರೀಕ್ಷಿಸುವವರೂ ಮೊದಲು ಹುಡುಕುವುದು ಎಲ್ಲರೂ ಹೋದ ಮೇಲೂ ಇಳಿಯದ ಈ ನಡುರಾತ್ರಿಯ ಬಳಕೆಯನ್ನೇ. ಅದಕ್ಕೆ ಬೇಸ್ ಲೋಡ್ ಎನ್ನುತ್ತಾರೆ. ಸ್ಮಾರ್ಟ್ ಮೀಟರು ಕಾಲು ಗಂಟೆಗೊಮ್ಮೆ ಬರೆದಿಟ್ಟ ಅಂಕಿಗಳನ್ನು ಹರಡಿದರೆ, ಭಾನುವಾರವೂ ಖಾಲಿ ಕುರ್ಚಿಗಳನ್ನು ತಂಪಾಗಿಡುವ ಎ.ಸಿ. ಸಿಕ್ಕಿಬೀಳುತ್ತದೆ. ಹೊಸ ಎ.ಸಿ.ಗಳು 24 ಡಿಗ್ರಿಯಿಂದಲೇ ಶುರುವಾಗಬೇಕೆಂಬ ನಿಯಮ 2020ರಿಂದ ಇದೆ; ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿತಾಯವಂತೆ. ಆದರೂ ಡಿಸೆಂಬರಿನ ಬೆಂಗಳೂರಿನಲ್ಲಿ, ಆಫೀಸಿನೊಳಗೆ 18 ಡಿಗ್ರಿ ಇಟ್ಟು, ಸ್ವೆಟರ್ ಹಾಕಿಕೊಂಡು, ಜಾಗತಿಕ ತಾಪಮಾನದ ಮೇಲೆ ಮೀಟಿಂಗ್ ಮಾಡುವ ಜನ ನಾವು.

ಇನ್ಫೋಸಿಸ್‌ನವರು ಹೈದರಾಬಾದಿನ ಪೋಚಾರಂನಲ್ಲಿ ಕಟ್ಟಿದ್ದು ನನಗೆ ಬಹಳ ಹಿಡಿಸಿದ ಕಟ್ಟಡ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ತೊಟ್ಟಿಮನೆಯ ಹಾಗೆ ಅದನ್ನು ಸರಿಯಾಗಿ ಎರಡು ಭಾಗ ಮಾಡಿದರು. ಒಂದಕ್ಕೆ ಎಂದಿನಂತೆ ತಣ್ಣನೆ ಗಾಳಿ. ಇನ್ನೊಂದರಲ್ಲಿ ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸಿ, ಚಾವಣಿಯನ್ನೇ ತಂಪು ಮಾಡುವ ವ್ಯವಸ್ಥೆ. ಅದೇ ಬಿಸಿಲು, ಅದೇ ಕೆಲಸ, ಬೇರೆ ಬೇರೆ ಮೀಟರು. ತಣ್ಣೀರಿನ ಪಾಲು ತಂಪು ಮಾಡಲು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ವಿದ್ಯುತ್ ತಿಂದಿತು. ವಾದ ಮಾಡುವವರಿಗೆ ಎಂಥ ಉತ್ತರ! ಬಾಯಿ ಬಿಡದೆ ಗೆಲ್ಲುವುದೆಂದರೆ ಇದೇ.

ನಮ್ಮ ಅಪಾರ್ಟ್‌ಮೆಂಟಿನ ಸಂಘದಲ್ಲಿ ಮಾತ್ರ ಬಾಯಿ ಬಿಡದೆ ಏನೂ ಆಗುವುದಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಬಿಲ್ಲುಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿ, ನೆಲಮಾಳಿಗೆಯ ದೀಪಗಳೇ ಕಳ್ಳರೆಂದು ಸಾಧಿಸಿದರು. ಲಿಫ್ಟಿನ ಪರ, ಪಂಪಿನ ವಿರುದ್ಧ ದೀರ್ಘ ಭಾಷಣಗಳಾಗಿ, ಕೊನೆಗೆ ಚಲನೆ ಕಂಡರಷ್ಟೇ ಉರಿಯುವ ಸೆನ್ಸರ್ ಬಂತು. ಬಿಲ್ಲೂ ಇಳಿಯಿತು. ಆದರೆ ಕೆಳಗೆ ಕೂತು ಪೇಪರ್ ಓದುವ ವಾಚ್‌ಮನ್‌ಗೆ ಆಗಾಗ ಕತ್ತಲು ಕವಿಯುತ್ತದೆ. ಅವರು ತಲೆ ಎತ್ತದೆ ಎಡಗೈಯನ್ನೊಮ್ಮೆ ಗಾಳಿಯಲ್ಲಿ ಬೀಸುತ್ತಾರೆ. ಹೊಸ ಬಾಡಿಗೆದಾರರು ತಮಗೇ ನಮಸ್ಕಾರವೆಂದುಕೊಂಡು ತಾವೂ ಕೈ ಎತ್ತುತ್ತಾರೆ.