ಎಣ್ಣೆ ಬಿಟ್ಟ ಮಾವನೊಡನೆ ಊರೂರು

ಕೊಟ್ಟೂರಿನ ಮನುಷ್ಯನಿಗೆ ‘ಎಣ್ಣೆ ಕಡಿಮೆ ಮಾಡಿ’ ಎಂದ ಡಾಕ್ಟರು ಈ ಸೀಮೆಯವರಾಗಿರಲಿಕ್ಕೆ ಸಾಧ್ಯವೇ ಇಲ್ಲ. ಎಣ್ಣೆ ಎಂದರೆ ಶೇಂಗಾ ಎಣ್ಣೆ. ಇನ್ನೊಂದರ ಸಹವಾಸ ನಮ್ಮ ಸೋದರಮಾವನಿಗೆ ಯಾವತ್ತೂ ಇಲ್ಲ. ಇದ್ದಿದ್ದರೆ ಅದನ್ನು ಬಿಡುವುದು ಸುಲಭವಿತ್ತು. ಸುತ್ತ ಶೇಂಗಾ ಬೆಳೆಯುವ ಹೊಲ, ಸಂಜೆ ನಾಲ್ಕು ಹೊಡೆದರೆ ಓಣಿಗೊಂದು ಬಾಣಲೆ, ಬಾಣಲೆ ತುಂಬ ಕಡ್ಲಿಹಿಟ್ಟು ಮೆತ್ತಿಕೊಂಡು ಚೊರ್ ಎನ್ನುವ ಮೆಣಸಿನಕಾಯಿ. ಇಂಥಲ್ಲಿ ಎಣ್ಣೆ ಬಿಡಬೇಕೆಂದರೆ ಊರನ್ನೇ ಬಿಡಬೇಕು. ಅತ್ತೆ ಮಾಡಿಸಿದ್ದೂ ಅದನ್ನೇ. “ಸಂಜೀ ಹೊತ್ನ್ಯಾಗ ಇವರ್ನ ಊರಾಗ ಇಟ್ಕೊಳ್ಳಾಕ ಆಗಂಗಿಲ್ಲಪ. ನಾಕು ಗುಡಿ ತೋರಿಸ್ಕೊಂಡು ಬಾ. ನಡದಾಡಿದಂಗೂ ಆಗತೈತಿ, ಪುಣ್ಯಾನೂ ಬರತೈತಿ” ಎಂದು, ರಜೆಗೆ ಬಂದಿದ್ದ ನನ್ನನ್ನು ಮಾವನ ಕಾವಲಿಗೆ ಹಾಕಿದರು.

ಅತ್ತೆಯ ಲೆಕ್ಕದಲ್ಲಿ ಒಂದು ಸಣ್ಣ ತೊಡಕಿತ್ತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ದಿಕ್ಕಿಗೆ ಹೊರಟರೂ ಮಂಡಕ್ಕಿ ಮೆಣಸಿನಕಾಯಿ ಎದುರಿಗೆ ಬಂದು ನಿಲ್ಲುತ್ತದೆ. ಸರ್ಕಾರದ ಗಡಿಗಳಾದರೋ ಬದಲಾಗುತ್ತಲೇ ಇರುತ್ತವೆ. ಹರಪನಹಳ್ಳಿಯನ್ನೇ ನೋಡಿ: ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೇ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಇಷ್ಟೆಲ್ಲ ಸುತ್ತಾಡಿದ ಊರು ಇದ್ದಲ್ಲಿಂದ ಒಂದು ಗೇಣೂ ಕದಲಿಲ್ಲ. ಬದಲಾದದ್ದು ರಬ್ಬರ್ ಸ್ಟಾಂಪು. ಕಚೇರಿ ಎದುರಿನ ಒಗ್ಗರಣೆ ಗಾಡಿಯವನು ಮೂರೂ ಜಿಲ್ಲೆಗಳ ಗುಮಾಸ್ತರಿಗೆ ಅದೇ ಪೇಪರಿನ ಮೇಲೆ ಅದೇ ಎರಡು ಮೆಣಸಿನಕಾಯಿ ಇಟ್ಟುಕೊಟ್ಟಿದ್ದಾನೆ.

ಆ ಹರಪನಹಳ್ಳಿಯ ಪಕ್ಕದ ಬಾಗಳಿಗೆ ಮೊದಲು ಹೋದೆವು. ಅಲ್ಲಿನ ಕಲ್ಲೇಶ್ವರ ಗುಡಿ ರಾಷ್ಟ್ರಕೂಟರ ಕೊನೆಗಾಲದಲ್ಲಿ ಶುರುವಾಗಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬೆಳೆದದ್ದು. 987ರ ಶಾಸನದಲ್ಲಿ ದುಗ್ಗಿಮಯ್ಯ ಎಂಬವನ ಹೆಸರಿದೆ. ಮಂಟಪದ ಕಂಬಗಳನ್ನು ಎಷ್ಟು ನುಣ್ಣಗೆ ಕಡೆದಿದ್ದಾರೆಂದರೆ ಮುಟ್ಟಿದ ಬೆರಳು ಜಾರುತ್ತದೆ. ಮಾವ ಒಂದು ಕಂಬದ ಮೇಲೆ ಅಂಗೈ ಸವರಿ, ಮೂಗಿನ ಹತ್ತಿರ ತಂದು, “ಎಣ್ಣಿ ಹಚ್ಚ್ಯಾರೇನಲೇ?” ಎಂದರು. ಸಾವಿರ ವರ್ಷದ ಶಿಲ್ಪವನ್ನು ಹೀಗೆ ಮೂಸಿ ನೋಡಿದವರು ಇವರೊಬ್ಬರೇ ಇರಬೇಕು. ಹೊರಗೋಡೆಯ ಮಿಥುನ ಶಿಲ್ಪಗಳು ಬಂದಾಗ ಮಾವ ಅಳಿಯ ಇಬ್ಬರೂ ಆಕಾಶದಲ್ಲಿ ಮೋಡ ಹುಡುಕುತ್ತ ಬಿರುಸಾಗಿ ಹೆಜ್ಜೆ ಹಾಕಿದೆವು. ಡಾಕ್ಟರು ಹೇಳಿದ ಬಿರುನಡಿಗೆ ಆ ದಿನ ಆದದ್ದು ಅಷ್ಟೇ ದೂರ.

ಹರಪನಹಳ್ಳಿಗೆ ವಾಪಸಾದಾಗ ನಾಲ್ಕೂವರೆ. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. “ಬರೇ ಮಂಡಕ್ಕಿ ತಿನ್ನಾನು. ಮಂಡಕ್ಕಿಗೆ ಎಣ್ಣಿ ಎಲ್ಲೈತಿ? ಅದು ಕಾದ ಉಸುಕಿನಾಗ ಅರಳಿದ್ದು” ಎಂದರು ಮಾವ. ಮಾತು ನಿಜವೇ. ಉಪ್ಪುನೀರು ಕುಡಿದ ಅಕ್ಕಿ ಭಟ್ಟಿಯ ಬಿಸಿ ಉಸುಕಿನಲ್ಲಿ ಬಿದ್ದು ಅರಳುವಾಗ ಎಣ್ಣೆಯ ಹನಿಯೂ ಸೋಕುವುದಿಲ್ಲ. ಆದರೆ ಗಾಡಿಯವನು ಆ ನಿರ್ದೋಷಿ ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ ಬಿದ್ದ ಒಗ್ಗರಣೆಗೆ ಹಾಕಿ ಮಗುಚಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ನಿಂಬೆಹಣ್ಣು ಹಿಂಡುತ್ತಾನೆ. ಆ ಒಗ್ಗರಣೆಗೆ ಎಷ್ಟು ಎಣ್ಣೆ ಎಂದು ಕೇಳುವುದು ಈ ಕಡೆ ಸಭ್ಯತೆಯಲ್ಲ. ಮತ್ತೆ, ಒಂಟಿ ಮಂಡಕ್ಕಿಯನ್ನು ಇಲ್ಲಿ ಯಾರೂ ಕೊಡುವುದೂ ಇಲ್ಲ. ಕೇಳದಿದ್ದರೂ ಪಕ್ಕದಲ್ಲಿ ಎರಡು ಮೆಣಸಿನಕಾಯಿ ಬಂದು ಮಲಗಿದವು.

ಬೆಂಗಳೂರಿನಲ್ಲಿ ಬಜ್ಜಿ ಎಂದು ಮಾರುವ ದಪ್ಪ ಕೋಟಿನ, ಸಪ್ಪೆ ಜೀವವನ್ನು ಇಲ್ಲಿ ನೆನೆಯಬೇಡಿ. ಈ ಕಡೆಯದು ತೆಳ್ಳಗೆ ಉದ್ದ, ಓಂಕಾಳಿನ ಘಮ, ಹೊರಗೆ ಗರಿಗರಿ, ಕಚ್ಚಿದ ಮೇಲೆ ಕಿವಿಯಲ್ಲಿ ಕೆಲಸ ಮಾಡುವಂಥ ಖಾರ. ಮಾವ ಒಂದನ್ನು ಎತ್ತಿಕೊಂಡು ಒಳ್ಳೆ ನ್ಯಾಯಾಧೀಶರ ಗತ್ತಿನಲ್ಲಿ ವಾದ ಹೂಡಿದರು: ಡಾಕ್ಟರು ಬೇಡವೆಂದದ್ದು ಎಣ್ಣೆ. ಎಣ್ಣೆ ಇರುವುದು ಹಿಟ್ಟಿನಲ್ಲಿ. ಒಳಗಿನದು ತರಕಾರಿ. ಆದ್ದರಿಂದ ತರಕಾರಿ ತಿಂದು ಹಿಟ್ಟು ಬಿಡುವುದು. ಹಾಗೇ ಸುಲಿದು ಕಾಯಿ ತಿಂದರು. ಖಾರ ನೆತ್ತಿಗೇರಿತು. ಖಾರ ಇಳಿಸಲು ಏನಾದರೂ ಬೇಕಲ್ಲ? ಕೈಗೆ ಹತ್ತಿರವಿದ್ದದ್ದು ಹಿಟ್ಟೇ.

ಇವರಿಗೆ ಧರ್ಮದ ಬೆಂಬಲ ಸಿಕ್ಕಿದ್ದು ಉಜ್ಜಿನಿಯಲ್ಲಿ. ಪಂಚಪೀಠಗಳಲ್ಲಿ ಒಂದಾದ ಆ ಊರಿನ ಮರುಳಸಿದ್ಧೇಶ್ವರ ಗುಡಿಯ ಬಗ್ಗೆ ಈ ಭಾಗದಲ್ಲಿ ಒಂದು ಮಾತುಂಟು: ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು. ಒಳಗೆ ಹೋಗಿ ಕತ್ತೆತ್ತಿ ಛತ್ತಿನ ಕೆತ್ತನೆ ನೋಡಿದರೆ ಮಾತು ಸುಳ್ಳಲ್ಲ ಎನಿಸುತ್ತದೆ. ಹಂಪಿಗೆ ಹೋಗುವ ಬಸ್ಸುಗಳಲ್ಲಿ ನೂರಕ್ಕೊಂದು ಇತ್ತ ತಿರುಗಿದರೂ ಸಾಕಿತ್ತು. “ಮೆಣಸಿನಕಾಯೀನೂ ಉಜ್ಜಿನಿ ಇದ್ದಂಗ ನೋಡಳಿಯಾ, ಒಳಗ ನೋಡಬೇಕು” ಎಂದರು ಮಾವ. ಅಷ್ಟಕ್ಕೇ ನಿಲ್ಲಲಿಲ್ಲ. ಜಾತ್ರೆಯಲ್ಲಿ ಇಲ್ಲಿ ಶಿಖರಕ್ಕೆ ಎಣ್ಣೆ ಎರೆಯುತ್ತಾರೆ. ಜರ್ಮಲಿಯ ಪಾಳೇಗಾರರ ಮನೆತನದಿಂದ ಎಣ್ಣೆ ಬರುತ್ತದೆ, ಆಮೇಲೆ ಭಕ್ತರ ಕೊಡಗಳು. ನೆತ್ತಿಯಿಂದ ಬುಡದವರೆಗೆ ಕಲ್ಲು ಮಿಂದು ಹೊಳೆಯುತ್ತದೆ. ಮಾವ ಆ ಶಿಖರವನ್ನು ಬಹಳ ಹೊತ್ತು ನೋಡಿ ಕೇಳಿದರು: “ಎಷ್ಟು ನೂರು ವರ್ಷದಿಂದ ಎಣ್ಣಿ ಬೀಳಾಕತ್ತೈತಿ, ಏನಾಗೈತಿ ಅದಕ್ಕ? ಗಟ್ಟಿಮುಟ್ಟಾಗಿ ನಿಂತಿಲ್ಲ?” ಬೆಂಗಳೂರಿನಲ್ಲಿ ಓದಿದ ನನ್ನ ವಿದ್ಯೆ ಇದಕ್ಕೆ ಉತ್ತರ ಕೊಡಲಿಲ್ಲ.

ನಡೆದರೆ ಮೈ ಇಳಿಯುತ್ತದೆ ಎನ್ನುವುದೂ ಈ ಸೀಮೆಗೆ ಹೊಂದುವ ಮಾತಲ್ಲ. ಗುರು ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದಲೂ ಜನ ನಡೆದುಕೊಂಡು ಬರುತ್ತಾರೆ. ದಾರಿಯುದ್ದಕ್ಕೂ ಅವರನ್ನು ನಿಲ್ಲಿಸಿ ನಿಲ್ಲಿಸಿ ರೊಟ್ಟಿ, ಬುತ್ತಿ, ಮಂಡಕ್ಕಿ, ಮಜ್ಜಿಗೆ ಕೊಡುವ ಪುಣ್ಯವಂತರು ಸಾಲುಗಟ್ಟಿರುತ್ತಾರೆ. ಪಾದಯಾತ್ರೆ ಮಾಡಿ ತೂಕ ಹೆಚ್ಚಿಸಿಕೊಂಡು ಬಂದವರು ನಮ್ಮ ಬಳಗದಲ್ಲೇ ಇದ್ದಾರೆ.

ಬಾಣಲೆಯಿಂದ ದೂರವಿರಲೆಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ ಕರೆದೊಯ್ದೆ. ಹೊಲಕ್ಕೆ ನೀರುಣಿಸಲು ಹಿಂದಿನವರು ಕಟ್ಟಿದ ಕೆರೆ. ಈಗ ಪಕ್ಷಿ ಸಂರಕ್ಷಣಾ ಮೀಸಲು. 98.76 ಹೆಕ್ಟೇರಿನ ಈ ಜಾಗಕ್ಕೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ಬಂತು. ನೀರೊಳಗೆ ನಿಂತ ಜಾಲಿಮರಗಳ ತುಂಬ ಗೂಡು, ಗೂಡಿನ ತುಂಬ ಗಲಾಟೆ. ಬಣ್ಣದ ಕೊಕ್ಕರೆಗಳು ಗಂಭೀರವಾಗಿ ನಿಂತಿದ್ದವು, ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಹರವಿದ್ದವು. ಏರಿಯ ಮೇಲೆ ಮಾವ ನಿಜಕ್ಕೂ ಮೈಮರೆತರು. ಒಂದು ಬಕ ಮೀನು ಹಿಡಿದು ಗುಟುಕ್ಕನೆ ನುಂಗಿತು. “ನೋಡು, ಹುರಿಯಂಗಿಲ್ಲ, ಕರಿಯಂಗಿಲ್ಲ. ಅದಕ್ಕ ಕಾಲು ಕಡ್ಡಿ ಆಗ್ಯಾವ” ಎಂದು ಮರುಕಪಟ್ಟರು. ಕೆರೆಯ ದಂಡೆಯಲ್ಲಿ ಏನೂ ಸಿಗುವುದಿಲ್ಲವೆಂಬ ನನ್ನ ಧೈರ್ಯ ಮಾತ್ರ ಊರು ತಲುಪುವವರೆಗಷ್ಟೇ ಉಳಿಯಿತು.

ಕೂಡ್ಲಿಗಿಯದು ಬೇಗ ಮುಗಿಯಿತು. ಗಾಂಧೀಜಿಯ ಚಿತಾಭಸ್ಮವಿರುವ ಸ್ಮಾರಕದೆದುರು ಮಾವ ಕೈಮುಗಿದು ಗಂಭೀರರಾದರು. ಉಪವಾಸದ ಸಂಕಲ್ಪವೇನಾದರೂ ಮಾಡಿಯಾರೆಂದು ಕಾದೆ, ಮಾಡಲಿಲ್ಲ. ಓಬವ್ವನ ತವರೆಂದು ಜನ ಹೇಳುವ ಗುಡೇಕೋಟೆಯಲ್ಲಿ ಕೋಟೆ ಕಂಡಿತು, ಕರಡಿಧಾಮದ ಬೋರ್ಡು ಕಂಡಿತು, ಕರಡಿ ಕಾಣಲಿಲ್ಲ.

ಹಡಗಲಿ ತಾಲ್ಲೂಕಿಗೆ ಹೋಗಿದ್ದು ಕೊನೆಗೆ. ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ ನೆನಪಾಯಿತು. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಲಕ್ಷಾಂತರ ಜನರ ಬಯಲು ಒಮ್ಮೆಗೇ ಸುಮ್ಮನಾಗುತ್ತದೆ. ಅವನು ನುಡಿಯುವುದು ಒಂದೇ ಸಾಲಿನ ಕಾರಣಿಕ. ಅದು ಮಳೆಗೋ, ಬೆಳೆಗೋ, ಮಂತ್ರಿಯ ಕುರ್ಚಿಗೋ ಎಂದು ನಾಡು ವರ್ಷವಿಡೀ ಅರ್ಥ ಹಚ್ಚುತ್ತ ಕೂರುತ್ತದೆ. ಹೊಳೆದಂಡೆಯಲ್ಲಿ ಕೂತು ಮಾವ ಅದೇ ಪದ್ಧತಿಯಲ್ಲಿ ಡಾಕ್ಟರ ನುಡಿಗೆ ಕೈಹಾಕಿದರು. “ಕಡಿಮಿ ಮಾಡ್ರಿ ಅಂದಾನ. ಬಿಡ್ರಿ ಅಂದಿಲ್ಲ. ಎಷ್ಟಕ್ಕಿಂತ ಕಡಿಮಿ? ಹೇಳಿಲ್ಲ. ಮೊದಲು ಆರು ತಿಂತಿದ್ದೆ. ಐದು ತಿಂದ್ರ ಕಡಿಮಿ ಆತಿಲ್ಲೋ?” ಮೈಲಾರಲಿಂಗನೂ ತಕರಾರು ಎತ್ತಲಿಲ್ಲ.

ಐದು ತಿಂದರು. ನನ್ನ ಲೆಕ್ಕ ಇಲ್ಲಿ ಬೇಡ.

ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಮಾವ ಜೇಬಿಗೆ ಕೈಹಾಕಿ ಮಲ್ಲಿಗೆ ಕೊಂಡರು. ಹಡಗಲಿ ಮಲ್ಲಿಗೆಗೆ ಉಡುಪಿ, ಮೈಸೂರು ಮಲ್ಲಿಗೆಗಳ ಹಾಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಅದರ ಘಮ ಬಸ್ಸಿನಲ್ಲಿ ಹಿಂದಿನ ಸೀಟಿನವರನ್ನೂ ಎಬ್ಬಿಸುತ್ತದೆ. ಒಂದು ಮೊಳ ಸಾಲದೆಂದು ಮಾರು ಮಾರು ಅಳೆಸಿದರು. ಮದುವೆಯಾದ ಹೊಸದರಲ್ಲೂ ಇಷ್ಟು ತಂದವರಲ್ಲ ಎಂದು ನನ್ನ ಅಂದಾಜು. ಹೂವಿನ ಪೊಟ್ಟಣವನ್ನು ಅಂಗಿಯ ಮೇಲೆ, ತೋಳಿನ ಮೇಲೆ, ಕೊನೆಗೆ ಮೀಸೆಯ ಮೇಲೂ ಆಡಿಸಿದಾಗ ಪ್ರೀತಿಯ ಮೂಲ ಹೊಳೆಯಿತು. ನನ್ನ ಕೈಗೂ ಒಂದು ಹಿಡಿ ಹೂವು ಕೊಟ್ಟು “ಉಜ್ಜಿಕೋ” ಎಂದರು.

ಬಾಗಿಲಲ್ಲೇ ಅತ್ತೆ ಪೊಟ್ಟಣ ಇಸಿದುಕೊಂಡರು. ಮುಖ ಅರಳಿತು. ಹೂವನ್ನು ಮೂಗಿಗೆ ಹಿಡಿದು ಉಸಿರೆಳೆದರು, ಮಾವನನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೊಮ್ಮೆ ಮೂಸಿದರು.

“ಹಡಗಲಿ ಮಲ್ಲಿಗಿ ಛಲೋ ಐತ್ರಿ” ಎಂದರು. “ಈ ವರ್ಷ ಓಂಕಾಳಿನ ಗೊಬ್ರ ಹಾಕ್ಯಾರೇನು?”