150 ಪದದೊಳಗೆ ನಾಲ್ಕು ತಾಲ್ಲೂಕು

(ಹೊನ್ನಾಳಿಯ ಒಂದು ಬಿ.ಎಡ್. ಕಾಲೇಜಿನ ಕ್ಯಾಂಟೀನು. ತರಗತಿಯಲ್ಲಿ ನಾಲ್ವರು ಮಂಜುನಾಥರು. ಧರ್ಮಸ್ಥಳಕ್ಕೆ ಹರಕೆ ಹೊತ್ತ ತಾಯಂದಿರು ಮುಂದೆ ಹಾಜರಿ ಕೂಗುವವರ ಪಾಡೇನು ಅಂತ ಯೋಚಿಸಿದವರಲ್ಲ. ಹಾಗಾಗಿ ನಾಲ್ವರೂ ಊರ ಹೆಸರಿನಿಂದಲೇ ಚಾಲ್ತಿ. ನಾಳೆ ಒಪ್ಪಿಸಬೇಕಾದ ಅಸೈನ್‌ಮೆಂಟು: ನೈಜೀರಿಯಾದ ಲೇಖಕಿ ಚಿಮಮಾಂಡಾ ಅಡೀಚಿ 2009ರಲ್ಲಿ ಟೆಡ್ ವೇದಿಕೆಯಲ್ಲಿ ‘ಒಂದೇ ಕಥೆಯ ಅಪಾಯ’ದ ಬಗ್ಗೆ ಮಾಡಿದ ಭಾಷಣದ ಸಾರಾಂಶ, 150 ಪದಗಳಲ್ಲಿ.)

ಚನ್ನಗಿರಿ: ಬರ್ಕಳ್ರಲೇ. “ಇಂದಿನ ಜಾಗತೀಕರಣದ ಸಂದರ್ಭದಲ್ಲಿ ಸ್ಟೀರಿಯೋಟೈಪ್ ಎಂಬುದು ಬಹುಮುಖ್ಯ ಪಾತ್ರ ವಹಿಸುತ್ತದೆ...”

ಜಗಳೂರು: ಆಯಮ್ಮ ಜಾಗತೀಕರಣ ಅಂತ ಎಲ್ಲಂದ್ಲು?

ಚನ್ನಗಿರಿ: ಅನ್ನದಿದ್ರೇನು? ಅಸೈನ್‌ಮೆಂಟ್ ಅಂದ್ಮೇಲೆ ಜಾಗತೀಕರಣ ಇರ್ಬೇಕು. ಹೋದ ಸಲ ಜಲಮಾಲಿನ್ಯಕ್ಕೂ ಇದೇ ಸಾಲು, ಅದರ ಹಿಂದೆ ವಚನ ಸಾಹಿತ್ಯಕ್ಕೂ ಇದೇ ಸಾಲು. ಎರಡಕ್ಕೂ ಹತ್ತಕ್ಕೆ ಏಳು!

ಹೊನ್ನಾಳಿ: ಮೇಡಮ್ಮು ಹೇಳಿದ್ದು ಮರೆತ್ಯಾ? ಯಾರು, ಎಲ್ಲಿ, ಯಾವಾಗ ಮಾತಾಡಿದ್ರು. ಮುಖ್ಯ ವಾದ ಏನು. ಅದಕ್ಕೆ ಒಂದೆರಡು ಉದಾಹರಣೆ. “ವಾದಿಸುತ್ತಾರೆ, ವಿವರಿಸುತ್ತಾರೆ” ಅಂತಾನೇ ಹೋಗ್ಬೇಕು. ಆಯಮ್ಮನ ವಾಕ್ಯ ಎತ್ತಿ ಹಾಕಂಗಿಲ್ಲ, ನಮ್ಮ ಅಭಿಪ್ರಾಯ ಸೇರಿಸಂಗಿಲ್ಲ.

ನ್ಯಾಮತಿ: ಅವಳ ಮಾತೂ ಬ್ಯಾಡ, ನಮ್ಮ ಮಾತೂ ಬ್ಯಾಡ. ಮತ್ತೆ ಯಾರ ಮಾತಲೇ ಬರೆಯೋದು?

ಜಗಳೂರು: ನಾನು ಪೂರ್ತಿ ಕೇಳೀನಿ, ಸುಮ್ನಿರ್ರಿ. ಆಯಮ್ಮ ಹತ್ತೊಂಬತ್ತನೇ ವಯಸ್ಸಿಗೆ ಅಮೆರಿಕಕ್ಕೆ ಓದಕ್ಕೋದ್ಲಂತೆ. ಅಲ್ಲಿ ರೂಮ್‌ಮೇಟು, ‘ಇಷ್ಟು ಚಲೋ ಇಂಗ್ಲಿಷ್ ಎಲ್ಲಿ ಕಲಿತೆ?’ ಅಂದ್ಲಂತೆ. ನೈಜೀರಿಯಾದ ಆಡಳಿತ ಭಾಷೇನೇ ಇಂಗ್ಲಿಷು! ನಿಮ್ಮ ಬುಡಕಟ್ಟಿನ ಹಾಡು ಕೇಳಿಸು ಅಂದ್ರೆ ಇವಳು ಅಮೆರಿಕದ ಪಾಪ್ ಹಾಡುಗಾರ್ತಿ ಮರಾಯಾ ಕ್ಯಾರಿ ಕ್ಯಾಸೆಟ್ ತೆಗೆದ್ಲಂತೆ. ಒಲೆ ಹಚ್ಚೋಕೂ ಬರಲ್ಲ ಅಂತ ತಿಳ್ಕಂಡಿದ್ಲಂತೆ ಆ ಹುಡುಗಿ.

ಚನ್ನಗಿರಿ: (ಬರೆಯುತ್ತ) “ಆಫ್ರಿಕಾದವರು ಕಡುಬಡವರಾದರೂ ಪ್ರತಿಭಾವಂತರು ಎಂದು ಲೇಖಕಿ ವಾದಿಸುತ್ತಾರೆ.”

ಜಗಳೂರು: ಅಯ್ಯೋ ನಿನ್ನ! ಇಡೀ ಭಾಷಣದಾಗೆ ಅದನ್ನೇ ಬ್ಯಾಡ ಅಂದಿರೋದು. ಅವರಪ್ಪ ಪ್ರೊಫೆಸರು ಕಣಲೇ!

ಚನ್ನಗಿರಿ: ಎಲ್ಲದಕ್ಕೂ ಕಾಲು ಕೆರ್ಕಂಡು ಬರ್ತೀಯಲ್ಲಲೇ. ಹೂಂ, ಜಗಳೂರು ಅಂತ ಸುಮ್ನೆ ಹೆಸರಿಟ್ಟಿಲ್ಲ.

ಜಗಳೂರು: ಓಹೋ, ಅಡಿಕೆ ಸಾಹುಕಾರ್ರು ಬಾಯಿ ಬಿಟ್ರು.

ಚನ್ನಗಿರಿ: ಯಾವನಲೇ ಸಾಹುಕಾರ? ಚನ್ನಗಿರಿ ಅಂದೇಟಿಗೆ ತುಮ್ಕೋಸ್ ಅಡಿಕೆ ಸೊಸೈಟಿನಾಗೆ ಮೂಟೆ ಇಟ್ಟು, ರೇಟು ಏರ್ಲಿ ಅಂತ ಕಾಲ ಮೇಲೆ ಕಾಲು ಹಾಕ್ಕಂಡು ಕುಂತಿರ್ತಾರೆ ಅಂದ್ಕಂಡಿದೀಯಾ? ನಮ್ಮವ್ವ ಬೇರೆಯೋರ ಅಡಿಕೆ ಸುಲಿಯೋಕೆ ಹೋಗ್ತಾಳೆ. ರಾತ್ರಿ ಊಟದ ಹೊತ್ತು ಮೀರಿದ್ರೂ ಮೆಟ್ಟುಗತ್ತಿ ಮುಂದೆ ಇರ್ತಾಳೆ, ಡಬ್ಬದ ಲೆಕ್ಕದ ಕೂಲಿ. ಸೀಸನ್ನಾಗೆ ಅವಳ ಬೆರಳಿಗೆ ಹತ್ತಿದ ಕರಿ ಯುಗಾದಿ ಎಣ್ಣೆ ನೀರಿಗೂ ಬಿಡಲ್ಲ. ಸಾಹುಕಾರ ಅಂತೆ!

(ಜಗಳೂರು ತನ್ನ ಮಂಡಕ್ಕಿ ಪೊಟ್ಟಣವನ್ನು ಮಿರ್ಚಿ ಸಮೇತ ಅವನ ಕಡೆ ಸರಿಸುತ್ತಾನೆ. ಈ ಸೀಮೆಯಲ್ಲಿ ಕ್ಷಮೆ ಕೇಳುವ ಕ್ರಮ ಇದೇ.)

ಹೊನ್ನಾಳಿ: ನನ್ ಪಾಡು ಕೇಳ್ರಿ. ಸೂಳೆಕೆರೆ ಹತ್ರ ಕ್ಯಾಂಪು, ಯಾರದೋ ಚಪ್ಪಲಿ ನೀರಿಗೆ ಬಿತ್ತು. ‘ಹೊಳೆ ದಂಡೆಯೋನು ಐದಾನೆ, ಇಳಿಸ್ರಿ’ ಅಂತ ನನ್ನ ನೂಕಿದ್ರು. ತುಂಗಭದ್ರೆ ನಮ್ಮೂರಾಗೇ ಹರೀತಾಳೆ, ನಿಜ. ಮಳೆ ಜೋರಾದ್ರೆ ಅವಳೇ ನಮ್ಮ ಕೇರಿಗೆ ಬರ್ತಾಳೆ. ನಾನಾಗಿ ಅವಳ ಹತ್ರ ಹೋಗಿದ್ದೇ ಇಲ್ಲ!

ಜಗಳೂರು: ನಮ್ಮಣ್ಣಂಗೆ ಹೆಣ್ಣು ಕೇಳೋಕೋದ್ರೆ ಹುಡುಗ ಏನು ಓದಿದಾನೆ ಅಂತ ಕೇಳಲ್ಲ, ‘ನೀರು ಐತಾ?’ ಅಂತಾರೆ. 57 ಕೆರೆಗೆ ಹೊಳೆ ನೀರು ತುಂಬಿಸೋ ಯೋಜನೆ ಅಂದ್ರೆ ಮುಖ ಮುಖ ನೋಡ್ತಾರೆ. ರಂಗಯ್ಯನದುರ್ಗದಾಗೆ ನಾಲ್ಕು ಕೊಂಬಿನ ಕೊಂಡುಕುರಿ ಐದಾವೆ, ಅಭಯಾರಣ್ಯ ಆಗೈತೆ ಅಂದ್ರೆ ‘ಜಗಳೂರಾಗೆ ಕಾಡಾ?’ ಅಂತ ನಗ್ತಾರೆ. ಬರ ಬರಲ್ಲ ಅಂತ ನಾನೆಲ್ಲಿ ಅಂದೆ? ಬರಾನೂ ಐತೆ, ಕೊಂಡುಕುರೀನೂ ಐತೆ.

ಹೊನ್ನಾಳಿ: ತಡಿ, ತಡಿ. ಇದೇ ಅಲ್ವೇನಲೇ ಮುಖ್ಯ ವಾದ? ಬರ್ಕ: “ಇಂಥ ಗ್ರಹಿಕೆಗಳು ಪೂರಾ ಸುಳ್ಳಲ್ಲ, ಅರ್ಧ, ಆ ಅರ್ಧವನ್ನೇ ಪೂರ್ತಿ ಎಂದು ನಂಬುವುದು ಅಪಾಯ ಎಂದು ಅಡೀಚಿ ವಾದಿಸುತ್ತಾರೆ.”

ಚನ್ನಗಿರಿ: ಮುಂದೆ “ಜಾಗತೀಕರಣದ ಸಂದರ್ಭದಲ್ಲಿ” ಹಾಕ್ಲಾ?

ಮೂವರೂ: ಬ್ಯಾಡ!

ನ್ಯಾಮತಿ: (ಮುನಿಸಿನಿಂದ) ಎಲ್ರಿಗೂ ಒಂದೊಂದು ಐತೆ. ನಂಗೆ?

ಹೊನ್ನಾಳಿ: ನಿಂಗೇನು?

ನ್ಯಾಮತಿ: ಅದೇ ಮತ್ತೆ, ನಿಂಗೇನು! ನ್ಯಾಮತಿಯೋರು ಹಿಂಗೆ ಅಂತ ಯಾವನಾದ್ರೂ ಒಂದ್ ದಿನ ಬೈದಿದಾನಾ? ಊರು ಯಾವುದು ಅಂತಾರೆ, ನ್ಯಾಮತಿ ಅಂತೀನಿ, ‘ಓ, ಹೊನ್ನಾಳಿ ಹತ್ರ’ ಅಂತಾರೆ. 2018ರಾಗೆ ನಮ್ದೇ ತಾಲ್ಲೂಕಾಯ್ತು. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ನಮ್ಮಲ್ಲೈತೆ, ಫೆಬ್ರವರಿ ಜಾತ್ರೆಗೆ ಮಹಾರಾಷ್ಟ್ರ, ತೆಲಂಗಾಣದಿಂದೆಲ್ಲ ಬಂಜಾರರು ಬರ್ತಾರೆ. ಅದನ್ನೂ ಜನ ಹೊನ್ನಾಳಿ ಲೆಕ್ಕಕ್ಕೇ ಬರೀತಾರೆ!

ಹೊನ್ನಾಳಿ: ನಾನೇನು ಕೇಳಿ ಇಸ್ಕಂಡ್ನಾ?

ಚನ್ನಗಿರಿ: ಬೆಂಗ್ಳೂರಿಗೋದ್ರೆ ನಾವೆಲ್ಲ ಒಂದೇ ಬಿಡ್ರಲೇ. ನಮ್ಮಪ್ಪಂದ್ರ ಕಾಲ್ದಾಗೆ ನಾವು ಮೂರೂ ಜನ ಶಿವಮೊಗ್ಗ ಜಿಲ್ಲೆ, ಇವನು ಚಿತ್ರದುರ್ಗ. 1997ರಾಗೆ ನಮ್ಮ ತಾಲ್ಲೂಕಿನ ಜೆ.ಎಚ್. ಪಟೇಲ್ರು ಮುಖ್ಯಮಂತ್ರಿ, ದಾವಣಗೆರೆ ಜಿಲ್ಲೆ ಆಯ್ತು. ಅವತ್ತಿಂದ ನಾವೆಲ್ಲ ಬೆಣ್ಣೆ ದೋಸೆ! ನಮ್ಮ ಮಾವನ ಮಗನ್ನ ರೂಮಿನೋರು ‘ದಾವಣಗೆರೆಯೋನಾ? ಹುಯ್ಯಿ’ ಅಂತ ಹಂಚಿನ ಮುಂದೆ ನಿಲ್ಸಿದ್ರಂತೆ.

ಜಗಳೂರು: ಅಡೀಚಿಗೆ ಒಲೆ ಹಚ್ಚೋಕೇ ಬರಲ್ಲ ಅಂದ್ರು, ನಮ್ಮನ್ನ ಒಲೆ ಬಿಟ್ಟು ಏಳೋಕೇ ಬಿಡಲ್ಲ.

ಕ್ಯಾಂಟೀನಿನ ಅಕ್ಕ: ಏನ್ರಪ್ಪಾ, ಎರಡು ಟೀನ ನಾಲ್ಕು ಮಾಡ್ಕಂಡು ಸಂಜೆಯೆಲ್ಲ ಕುಂತೀರಿ. ಬಿ.ಎಡ್. ಹುಡುಗ್ರು ಅಂದ್ರೆ ಹಿಂಗೇ. ಮಾತು ಇವತ್ತು, ಕಾಸು ಮುಂದಿನ ತಿಂಗಳು.

ಹೊನ್ನಾಳಿ: ಅಕ್ಕಾ, ಇದು ಸ್ಟೀರಿಯೋಟೈಪು!

ಅಕ್ಕ: ಅದೇನೋ ನಂಗೊತ್ತಿಲ್ಲ. ಉದ್ರಿ ಪುಸ್ತಕ ತೆಗೀಲಾ?

ಚನ್ನಗಿರಿ: ಬ್ಯಾಡಕ್ಕ, ಬ್ಯಾಡ. ನೀವಂದಿದ್ದು ಪೂರಾ ಸುಳ್ಳಲ್ಲ, ಅರ್ಧ ಅಷ್ಟೇ.

ಅಕ್ಕ: ಉಳಿದರ್ಧ ಯಾವಾಗ ಕೊಡ್ತೀರಿ?

(ನಾಲ್ವರ ಜೇಬಿನಿಂದಲೂ ಚಿಲ್ಲರೆ ಹೊರಡುತ್ತದೆ. ಅಕ್ಕ ಎಣಿಸಿಕೊಂಡು ಹೋಗುತ್ತಾಳೆ.)

ಜಗಳೂರು: ಇನ್ನೊಂದು ಹಾಕ್ಲೇಬೇಕು. ಆಯಮ್ಮ ತಾನೂ ಹಂಗೇ ಮಾಡೀನಿ ಅಂತ ಒಪ್ಕಂಡಾಳೆ. ಮನೆ ಕೆಲಸದ ಫಿಡೆ ಅನ್ನೋ ಹುಡುಗ ಬಡವ ಅಂತಷ್ಟೇ ಗೊತ್ತಿತ್ತಂತೆ. ಅವನೂರಿಗೆ ಹೋದಾಗ ಅವನ ಒಡಹುಟ್ಟಿದೋನು ಹೆಣೆದ ಬಣ್ಣದ ಬುಟ್ಟಿ ನೋಡಿ ಬೆರಗಾದ್ಲಂತೆ.

ಹೊನ್ನಾಳಿ: (ಎಣಿಸಿ) ಜಾಗ ಸಾಲಲ್ಲ. “ಬಣ್ಣದ” ತೆಗಿ, ಬುಟ್ಟಿ ಇರ್ಲಿ.

ನ್ಯಾಮತಿ: ಬಣ್ಣ ಯಾಕೆ ತೆಗೀಬೇಕು? ಬಡವರ ಬುಟ್ಟಿಗೆ ಬಣ್ಣ ಇರಬಾರ್ದಾ? “ವಿವರಿಸುತ್ತಾರೆ” ಮೂರು ಕಡೆ ಐತೆ, ಅದನ್ನ ತೆಗಿ. ಮೊದಲನೇ ಸಾಲೂ ನಂಗೆ ಒಪ್ಪಿಗೆ ಇಲ್ಲ.

ಚನ್ನಗಿರಿ: ಥೂ, ಈ ನ್ಯಾಮತಿಯೋರೇ ಹಿಂಗೆ ಕಣ್ರಲೇ! ಬರೀ ತಕರಾರು!

ನ್ಯಾಮತಿ: (ಎದ್ದು ನಿಂತು) ಏನಂದೆ?

ಚನ್ನಗಿರಿ: ಬಾಯಿ ತಪ್ಪಿ ಬಂತು ಮಾರಾಯ, ಕುಂತ್ಕ.

ನ್ಯಾಮತಿ: ಇಲ್ಲಲೇ, ಇನ್ನೊಂದ್ ಸಲ ಅನ್ನು! “ನ್ಯಾಮತಿಯೋರು” ಅಂದೆ, “ಹೊನ್ನಾಳಿ ಹತ್ರದೋರು” ಅನ್ನಲಿಲ್ಲ! ಬರ್ಕ, ಬರ್ಕ, ಅದನ್ನೂ ಸೇರಿಸು!

ಹೊನ್ನಾಳಿ: ಆಗಂಗಿಲ್ಲ. ಸಾರಾಂಶದಾಗೆ ಸ್ವಂತ ಅಭಿಪ್ರಾಯ ಹಾಕಂಗಿಲ್ಲ.

ನ್ಯಾಮತಿ: ಹಂಗಾದ್ರೆ ಅಡಿಟಿಪ್ಪಣಿಗಾದ್ರೂ ಹಾಕ್ರಲೇ!