ಎರಡು ಸೆಂಟಿಮೀಟರ್ ಗತ್ತು

ಸಕಲೇಶಪುರದ ಕಡೆ ಮನುಷ್ಯನ ತೂಕವನ್ನು ಎಕರೆಯಲ್ಲಿ ಅಳೆಯುತ್ತಿದ್ದ ಕಾಲ ಹೋಯಿತು. ಈಗ ಟೈರಿನಲ್ಲಿ ಅಳೆಯುತ್ತಾರೆ. ನನ್ನ ಭಾವಮೈದನ ಡಬಲ್ ಕ್ಯಾಬಿನ್ ಪಿಕಪ್ಪಿಗೆ ಕಂಪನಿ ಕೊಟ್ಟದ್ದು 255/65 ಆರ್ 17. ಪಕ್ಕದ ತೋಟದವರ ಗಾಡಿ ತನ್ನದಕ್ಕಿಂತ ಎತ್ತರ ಕಾಣುತ್ತದೆ ಎಂಬ ಹುಳ ತಲೆಗೆ ಹೊಕ್ಕಿದ್ದೇ 265/70 ಆರ್ 17 ಬಂತು. ಸಸ್ಪೆನ್ಷನ್ ಮಾತ್ರ ಕಂಪನಿಯದೇ. ಟೈರಿಗೇ ದುಡ್ಡು ಮುಗಿಯಿತು ಎಂಬುದು ನನ್ನ ಊಹೆ. “ಅದೆಲ್ಲ ಬೇಕಾಗಲ್ಲ ಭಾವ” ಎಂಬುದು ಅವನ ವಾದ.

ಟೈರಿನ ಮೈಮೇಲಿನ ಬರಹವೇ ಒಂದು ಸೋಜಿಗ. ಮೊದಲ ಅಂಕಿ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಗೋಡೆಯ ಎತ್ತರ, ಅಗಲದ ಶೇಕಡಾವಾರಿನಲ್ಲಿ. ಕೊನೆಯದು ರಿಮ್ಮು, ಇಂಚಿನಲ್ಲಿ. ಗಿರಾಕಿ ಕೂತು ಲೆಕ್ಕ ಹಾಕಬಾರದೆಂದೇ ಹೀಗೆ ಮಾಡಿದರೋ ಏನೋ. ನಾನು ಹಾಕಿದೆ. ಹಳೆಯ ಟೈರಿನ ವ್ಯಾಸ 763 ಮಿಲಿಮೀಟರ್, ಹೊಸದರದು 803. ನಾಲ್ಕು ಸೆಂಟಿಮೀಟರ್ ಹೆಚ್ಚು. ಆದರೆ ಗಾಡಿ ಮೇಲೇರುವುದು ಎರಡೇ. ಟೈರು ಆಕ್ಸಲ್ಲಿನ ಕೆಳಗೆ ಬೆಳೆದಷ್ಟೇ ಮೇಲಕ್ಕೂ ಬೆಳೆಯುತ್ತದಲ್ಲ! ಕೆಳಗಿನ ಎರಡು ಊರವರ ಕಣ್ಣಿಗೆ, ಮೇಲಿನ ಎರಡು ಮಡ್‌ಗಾರ್ಡಿನ ಹೊಟ್ಟೆಗೆ. ಸ್ಪ್ರಿಂಗು ಹಳೆಯದೇ ಇರುವಾಗ ಮಡ್‌ಗಾರ್ಡು ಸರಿದು ಜಾಗ ಕೊಡುವುದಾದರೂ ಹೇಗೆ?

ಮೊದಲು ಸದ್ದು ಬಂದದ್ದು ತೋಟದ ಗೇಟಿನಲ್ಲಿ. ಅಲ್ಲಿ ತಿರುವು ಇಕ್ಕಟ್ಟು, ಫುಲ್ ಕಟ್ ಹೊಡೆಯಲೇಬೇಕು. ಹೊಡೆದ. ಎಡಗಡೆಯ ಮುಂಚಕ್ರ ಗರ್‌ರ್ ಎಂದಿತು. “ನಾಯಿ ಏನಾದ್ರೂ ಅಡಿಗೆ ಬಂತೇನೋ?” ಎಂದು ಹಿಂದಿನ ಸೀಟಿನಿಂದ ಅತ್ತೆ ಕೂಗಿದರು. ಇಳಿದು ಬಗ್ಗಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಲೈನರ್ ಮೇಲೆ ಕಮಾನಿನಂಥ ಕರಿ ಗೀರು. ಅದರ ಕೆಳಗೆ ಮಡ್‌ಫ್ಲಾಪಿನ ಸ್ಕ್ರೂ, ಹೊಸ ಟೈರಿನ ಅಂಚಿನಿಂದ ಹೆರೆದ ರಬ್ಬರಿನ ಸಣ್ಣ ಸುರುಳಿಯನ್ನು ಕಚ್ಚಿಕೊಂಡಿತ್ತು.

ಟೈರ್ ಅಂಗಡಿಯ ಹುಡುಗ ಹೀಟ್ ಗನ್ನಿನಲ್ಲಿ ಲೈನರ್ ಕಾಯಿಸಿ ಒಳಕ್ಕೆ ಒತ್ತಿದ, ಫ್ಲಾಪಿನ ಮೂಲೆ ಕತ್ತರಿಸಿದ, ಆಮೇಲೆ ಪಥ್ಯ ಹೇಳಿದ. “ಫುಲ್ ಕಟ್ ಹೊಡೀಬೇಡಿ ಸಾರ್. ಹಂಪಲ್ಲಿ ಸ್ಲೋ ಹೋಗಿ. ಲೋಡು ಜಾಸ್ತಿ ಹಾಕ್ಬೇಡಿ.” ತಿರುಗಿಸದೆ, ಕುಲುಕಿಸದೆ, ಹೊರೆ ಹೊರಿಸದೆ ಇಟ್ಟುಕೊಳ್ಳಲು ಅದೇನು ಪಿಕಪ್ಪೋ, ಪೂಜೆಗಿಟ್ಟ ಕಲಶವೋ?

ಮೀಟರಿಗೆ ಇನ್ನೂ ಹೊಸ ಟೈರಿನ ಸುದ್ದಿ ಮುಟ್ಟಿಲ್ಲ. ಅದು ಚಕ್ರದ ಸುತ್ತುಗಳನ್ನಷ್ಟೇ ಎಣಿಸುತ್ತದೆ. ಸುತ್ತು ದೊಡ್ಡದಾದದ್ದು ಅದಕ್ಕೇನು ಗೊತ್ತು? ನಲವತ್ತು ಕಿಲೋಮೀಟರ್ ಓಡಿದರೆ ಮೂವತ್ತೆಂಟು ಎನ್ನುತ್ತದೆ. “ಹಾಸನ ಹತ್ತಿರ ಆಯ್ತು ಭಾವ” ಎಂದು ಇವನಿಗೆ ಖುಷಿ. ಹತ್ತಿರವಾದ ಹಾಸನಕ್ಕೆ ಡೀಸೆಲ್ ಯಾಕೆ ಜಾಸ್ತಿ ಬೇಕೆಂದು ಕೇಳಿದರೆ ಪಂಪಿನವರ ಮೇಲೆ ಅನುಮಾನ ಪಡುತ್ತಾನೆ. ಗೇರುಗಳೂ ಹಳೆಯವೇ ಆದ್ದರಿಂದ ಏರಿನಲ್ಲಿ ಎಳೆತ ಕಡಿಮೆ. ಐವತ್ತು ಕೆಜಿಯ ಕಾಫಿ ಮೂಟೆಗಳನ್ನು ಹೇರಿಕೊಂಡು ಕಣದಿಂದ ರಸ್ತೆಗೆ ಹಾಫ್ ಕ್ಲಚ್ಚಿನಲ್ಲಿ ಹತ್ತಿಸುವಾಗ, ಕಾಫಿಗಿಂತ ಮೊದಲು ಕ್ಲಚ್ ಪ್ಲೇಟು ಹುರಿದ ವಾಸನೆ ಬರುತ್ತದೆ.

ಹೊಸ ಸ್ಟೆಪ್ನಿ ಟ್ರೇ ಅಡಿಯ ಜಾಗದಲ್ಲಿ ಕೂರಲಿಲ್ಲ. ಮೇಲೆ ಬಂದು ಮೂಟೆಗಳ ನಡುವೆ ಯಜಮಾನನಂತೆ ಮಲಗಿದೆ.

ಸುಳ್ಳು ಹೇಳಬಾರದು, ಗಾಡಿ ನೋಡಲು ಚೆನ್ನಾಗಿದೆ. ಮಳೆಗಾಲದ ಕೆಸರಿನಲ್ಲಿ ಟೈರಿನ ದಪ್ಪ ಗುಬ್ಬಿಗಳು ಮಣ್ಣು ಕಿತ್ತು ಹಿಂದಕ್ಕೆಸೆಯುವುದನ್ನು ನೋಡುತ್ತಾ ನಿಂತರೆ ನನಗೂ ಸ್ಟೇರಿಂಗ್ ಹಿಡಿಯುವ ಆಸೆ ಹುಟ್ಟುತ್ತದೆ. ಅವನಿಗೀಗ ಲಿಫ್ಟ್ ಕಿಟ್ ಹಾಕಿಸುವ ಆಸೆ. “ಎರಡೇ ಇಂಚು ಭಾವ, ಉಜ್ಜೋದೇ ನಿಂತುಹೋಗುತ್ತೆ.” ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ ಎಂದೆ. “ಆ ಕೋರ್ಟಿನವರು ನಮ್ಮ ರಸ್ತೆ ನೋಡಿದಾರಾ?” ಎಂದ.

ಅತ್ತೆ ಒಳಗಿನಿಂದ ಹತ್ತುಮಣೆ ತಂದು ಗಾಡಿಯ ಬಾಗಿಲ ಬಳಿ ಇಟ್ಟು, ಸೆರಗು ಸಿಕ್ಕಿಸಿಕೊಂಡು ಮಗನ ಭುಜ ಹಿಡಿದರು. “ಇನ್ನೆರಡಿಂಚು ಏರಿಸೋದಾದ್ರೆ ಮೊದ್ಲು ಬಡಗೀನ ಕರೆಸಪ್ಪಾ, ಈ ಮಣೆಗೆ ಕಾಲು ಉದ್ದ ಮಾಡ್ಲಿ. ಅದಕ್ಯಾವ ಕೋರ್ಟೂ ಬೇಡ ಅನ್ನಲ್ಲ.”